ಕಾಲು ಹಿಡಿಯುವ ಕೆಲಸ

ನಮ್ಮವರು ಕಾಲು ಹಿಡಿದು ಬದುಕಿದವರು.

ಹೀಗೆ ಬರೆದರೆ ತಪ್ಪು ತಿಳಿಯುವವರೇ ಹೆಚ್ಚು. ಅವರು ಯಾರ ಮುಂದೆಯೂ ಹಲ್ಲು ಗಿಂಜಿದವರಲ್ಲ. ಮದುವೆಯಾದ ಹೊಸತರಲ್ಲಿ ಕೋಳಿ ಅಂಗಡಿಯಲ್ಲಿದ್ದರು. ಮಾಲೀಕ ಒಂದು ದಿನ ನಮ್ಮ ಮಾವನವರನ್ನು ಮಾತಿಗೆ ಎಳೆದು ತಂದು ಬೈದ. ಇವರು ಕತ್ತಿಯನ್ನು ಹಲಗೆಯ ಮೇಲಿಟ್ಟು, ಕೈ ತೊಳೆದುಕೊಂಡು ಮನೆಗೆ ಬಂದರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಂಥ ಮನುಷ್ಯನಿಗೆ ಕೊನೆಗೆ ಸಿಕ್ಕಿದ್ದು ಕಾಲು ಹಿಡಿಯುವ ಕೆಲಸ. ಆಸ್ಪತ್ರೆಯಲ್ಲಿ, ನಡೆಯಲಾರದವರ ಕಾಲು.

ಮೊದಲು ಅಲ್ಲಿ ನೆಲ ಒರೆಸುತ್ತಿದ್ದರು. ಬೆನ್ನುಹುರಿಗೆ ಪೆಟ್ಟು ಬಿದ್ದವರ ವಾರ್ಡು. ಅದರ ಕೊನೆಯಲ್ಲಿ ಒಂದು ಉದ್ದನೆಯ ಕೋಣೆ. ಅಲ್ಲಿ ರಬ್ಬರಿನ ಪಟ್ಟಿ ತಿರುಗುವ ಯಂತ್ರ, ಅದರ ಮೇಲೆ ಸೂರಿನಿಂದ ಇಳಿಬಿಟ್ಟ ಬೆಲ್ಟು. ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರನ್ನು ಆ ಬೆಲ್ಟಿಗೆ ಕಟ್ಟಿ ನಿಲ್ಲಿಸುತ್ತಾರೆ. ಮೈಭಾರ ಅರ್ಧ ಬೆಲ್ಟು ಹೊರುತ್ತದೆ, ಅರ್ಧ ಕಾಲು ಹೊರಬೇಕು. ಪಟ್ಟಿ ಮೆಲ್ಲಗೆ ಹಿಂದಕ್ಕೆ ಓಡುತ್ತದೆ. ಒಂದೊಂದು ಕಾಲಿನ ಪಕ್ಕ ಒಬ್ಬೊಬ್ಬರು ಕೆಳಗೆ ಕೂತು, ಮೊಣಕಾಲು ಮತ್ತು ಪಾದದ ಮೇಲಿನ ಹರಡು ಹಿಡಿದು ಹೆಜ್ಜೆ ಹಾಕಿಸಬೇಕು. ಬಲಗಡೆ ಫಿಸಿಯೋ ಮೇಡಂ ಕೂರುತ್ತಿದ್ದರು. ಎಡಗಡೆಯ ಆಳು ಬಾರದ ಒಂದು ದಿನ, ಬಕೆಟ್ ಹಿಡಿದು ಹೋಗುತ್ತಿದ್ದ ಇವರನ್ನು ಕರೆದರು.

"ಬನ್ನಿ, ಇದನ್ನ ಸ್ವಲ್ಪ ಹಿಡ್ಕೊಳ್ಳಿ."

ಆ "ಸ್ವಲ್ಪ" ಇವರು ಸಾಯುವವರೆಗೂ ಮುಗಿಯಲಿಲ್ಲ.

ಅಂದು ಮನೆಗೆ ಬಂದು ತಟ್ಟೆ ದೂರ ತಳ್ಳಿದರು. ಸತ್ತ ಕಾಲನ್ನು ನಡೆಸಿ ಯಾರಿಗೇನು ಬಂತು ಎಂದರು. ಮಾರನೆಯ ದಿನ ಅದನ್ನೇ ಮೇಡಂಗೆ ಕೇಳಿದ್ದಾರೆ. ಮೇಡಂ ಬೈಯಲಿಲ್ಲ. ಕಾಲು ಸತ್ತಿಲ್ಲ, ತಲೆಯಿಂದ ಬರುವ ದಾರಿ ನಡುವೆ ಹಾಳಾಗಿದೆ, ಅದರ ಕೆಳಗಿನ ಬೆನ್ನುಹುರಿಗೆ ಜೀವ ಇದೆ ಎಂದರಂತೆ. ಅದು ಬರೀ ಸುದ್ದಿ ಸಾಗಿಸುವ ತಂತಿ ಅಲ್ಲವಂತೆ. ಒಳಗೆ ನರಗಳು ಒಂದಕ್ಕೊಂದು ಹೆಣೆದುಕೊಂಡು, ಕಾಲಿನಿಂದ ಬಂದ ಸುದ್ದಿಯನ್ನು ಅಲ್ಲೇ ಅಳೆದು, ಅಲ್ಲೇ ತೀರ್ಮಾನ ಮಾಡುತ್ತವಂತೆ.

"ತಲೆನ ಕೇಳ್ದೆ ನಡಿಯೋದಾ ಮೇಡಂ?" ಎಂದು ನಕ್ಕ ಇವರಿಗೆ, ನಗುತ್ತಿರುವಾಗಲೇ ನೆನಪಾಯಿತು. "ಕೋಳಿ ಓಡುತ್ತೆ ಮೇಡಂ. ಕತ್ತು ಹೋದ ಮೇಲೂ. ಬಾಗಿಲ ತನಕ ಹೋಗುತ್ತೆ. ನಾನೇ ಹಿಡ್ಕೊಂಡು ಬಂದಿದೀನಿ."

"ಅದೇ ನೋಡಿ. ನಡಿ ಅನ್ನೋದು ತಲೆ. ಯಾವ ಸ್ನಾಯು ಬಿಗೀಬೇಕು, ಯಾವುದು ಸಡಿಲ ಆಗ್ಬೇಕು ಅನ್ನೋದನ್ನ ಬಹಳ ಮಟ್ಟಿಗೆ ಬೆನ್ನೇ ನೋಡ್ಕೊಳ್ಳುತ್ತೆ. ಮನುಷ್ಯರಲ್ಲಿ ಕೋಳಿಯಷ್ಟು ಸುಲಭ ಇಲ್ಲ, ತಲೆ ಎಲ್ಲದಕ್ಕೂ ಕೈ ಹಾಕುತ್ತೆ. ಆದ್ರೂ ವಿದ್ಯೆ ಒಳಗಿದೆ. ಮೇಲಿಂದ ಒಂದೆರಡು ಎಳೆ ಉಳಿದಿದ್ರೆ, ಅದನ್ನ ಎಬ್ಬಿಸಬಹುದು."

ನಾನು ಓದಿದ್ದು ಕಡಿಮೆ. ಮೇಡಂ ಬಾಯಿಂದ ಇವರ ಕಿವಿಗೆ ಬಂದದ್ದು, ಇವರ ಬಾಯಿಂದ ನನಗೆ ಬಂದಿದೆ. ನಡುವೆ ಒಂದಿಷ್ಟು ಸೋರಿರಬಹುದು.

ಇವರಿಗೆ ಆ ಕೆಲಸ ಮೊದಲು ಬರಲೇ ಇಲ್ಲ. ಕೈಯಲ್ಲಿ ಕಸುವಿತ್ತು, ಮನಸ್ಸಿನಲ್ಲಿ ಕನಿಕರ ಇತ್ತು. ಎರಡೂ ಅಡ್ಡ ಬಂದವು. ಕಾಲು ಹಿಂದಕ್ಕೆ ಹೋಗುತ್ತಿದ್ದ ಹಾಗೇ ಅಯ್ಯೋ ಪಾಪ ಎಂದು ಎತ್ತಿ ಮುಂದಿಡುತ್ತಿದ್ದರು. ಮೇಡಂ ಯಂತ್ರ ನಿಲ್ಲಿಸಿದರು.

"ಎತ್ತಬೇಡಿ. ಕಾಲು ಪೂರ್ತಿ ಹಿಂದಕ್ಕೆ ಹೋಗ್ಬೇಕು. ಸೊಂಟದ ಮುಂದಿನ ಸ್ನಾಯು ಎಳೀತು ಅನ್ನೋ ಸುದ್ದಿ ಬೆನ್ನಿಗೆ ಮುಟ್ಬೇಕು. ಕಾಲಿನ ಮೇಲಿನ ಭಾರ ಇಳೀತು ಅನ್ನೋ ಸುದ್ದಿನೂ ಮುಟ್ಬೇಕು. ಎರಡೂ ಸೇರಿದ್ರೆ ಬೆನ್ನು 'ಈಗ ಮುಂದಕ್ಕೆ' ಅನ್ನುತ್ತೆ. ನೀವು ಮೊದಲೇ ಎತ್ತಿಬಿಟ್ರೆ ನಿಮ್ಮ ಕೈ ನಡಿಯೋದು ಕಲಿಯುತ್ತೆ. ಅವರ ಬೆನ್ನು ಕಲಿಯಲ್ಲ."

ಇವರು ಮನೆಯಲ್ಲಿ ಅಭ್ಯಾಸಕ್ಕೆ ಶುರು ಮಾಡಿದರು. ಮನೆಯಲ್ಲಿ ಇದ್ದದ್ದು ನನ್ನ ಕಾಲು. ನಾನು ಸಂಜೆ ಒಲೆಯ ಮುಂದೆ ನಿಂತರೆ ಹಿಂದೆ ಬಂದು ನೆಲದ ಮೇಲೆ ಕೂರುತ್ತಿದ್ದರು.

"ನಡಿಯೇ."

"ಒಲೆ ಬಿಟ್ಟು ಎಲ್ಲಿಗ್ರೀ ನಡೀಲಿ?"

"ನಿಂತಲ್ಲೇ ನಡಿ. ಎಡಗಾಲು ಹಿಂದೆ ಬಿಡು. ಇನ್ನೂ ಬಿಡು. ನೀನಾಗಿ ತರಬೇಡ."

"ನಾನು ತರದೆ ಇನ್ಯಾರು ತರ್ತಾರೆ, ಪಕ್ಕದ ಮನೆಯೋಳಾ?"

ಅವರ ಒಂದು ಅಂಗೈ ಮೊಣಕಾಲಿನ ಕೆಳಗೆ, ಇನ್ನೊಂದು ಹರಡಿನ ಸುತ್ತ. ಮೊದಮೊದಲು ಒಗೆಯುವ ಬಟ್ಟೆ ಹಿಂಡಿದ ಹಾಗೆ ಹಿಡಿಯುತ್ತಿದ್ದರು. ಬರಬರುತ್ತ ಹಿಡಿತ ಇದೆಯೋ ಇಲ್ಲವೋ ಎಂಬಷ್ಟು ಹಗುರವಾಯಿತು. ಕೊನೆಕೊನೆಗೆ ನನಗೆ ಗೊತ್ತಾಗುತ್ತಿದ್ದದ್ದು ಇಷ್ಟೇ: ಕಾಲು ಹಿಂದಕ್ಕೆ ಹೋಗುತ್ತದೆ, ಅಲ್ಲಿ ಯಾರೋ ಕಾಯುತ್ತಾರೆ, ಕಾಲು ತಾನೇ ಬರುತ್ತದೆ.

ಒಂದು ಸಂಜೆ ಬಾಗಿಲು ತೆರೆದೇ ಇತ್ತು. ನನ್ನ ನಾದಿನಿ ಬಂದಳು. ಅವಳ ಕಣ್ಣಿಗೆ ಬಿದ್ದದ್ದು, ಕೈಯಲ್ಲಿ ಸೌಟು ಹಿಡಿದು ನಿಂತ ನಾನು, ನೆಲದ ಮೇಲೆ ಮಂಡಿಯೂರಿ ನನ್ನ ಕಾಲು ಹಿಡಿದ ಅವಳ ಅಣ್ಣ.

"ಅಯ್ಯೋ ಅಣ್ಣಾ! ಅಂಥದ್ದೇನು ಮಾಡ್ದೆ ಅಂತ ಇವಳ ಕಾಲು ಹಿಡೀತಿದೀಯ?"

"ಸುಮ್ನಿರೇ. ಕೆಲಸ ಮಾಡ್ತಿದೀನಿ," ಎಂದರು ಇವರು, ತಲೆ ಎತ್ತದೆ.

ಅವಳು ನನ್ನ ಕಡೆ ತಿರುಗಿದಳು. "ಅತ್ತಿಗೆ, ಏನೇ ಆಗಿರ್ಲಿ, ಗಂಡನ್ನ ಈ ಮಟ್ಟಕ್ಕೆ ಇಳಿಸಬಾರ್ದಿತ್ತು."

"ಇಳಿದಿದ್ದು ಅವರೇ ಕಣಮ್ಮ. ಏಳಿ ಅಂದ್ರೂ ಏಳ್ತಿಲ್ಲ."

"ಇದೊಂದು ಕೆಲಸನಾ?"

"ಸಂಬಳ ಕೊಡ್ತಾರೆ," ಎಂದರು ಇವರು.

ಅವಳ ಬಾಯಿಂದ ಸುದ್ದಿ ನೆಂಟರೆಲ್ಲರ ಮನೆಗೆ ಹೋಯಿತು. ಆಮೇಲೆ ಮದುವೆ ಮನೆಗೆ ಹೋದರೂ, ಸಾವಿನ ಮನೆಗೆ ಹೋದರೂ, ಹೆಂಡ್ತಿ ಕಾಲು ಹಿಡಿಯೋನು ಬಂದ ಎಂದು ಯಾರಾದರೂ ಒಬ್ಬರು ಚುಚ್ಚುತ್ತಿದ್ದರು. ಇವರು ತೋಳು ಮಡಚಿಕೊಂಡು, "ನಿಂದೂ ಕೊಡು ಮಾರಾಯ, ನೋಡೋಣ," ಎನ್ನುತ್ತಿದ್ದರು. ವಾರ್ಡಿನವರು ಇವರಿಗೆ ಇಟ್ಟ ಹೆಸರು ಕಾಲಣ್ಣ. ಸಂಬಳದ ಗುಮಾಸ್ತ ಕೂಡ ಹಾಗೇ ಕೂಗುತ್ತಿದ್ದ.

ನನ್ನ ಮೇಲೆ ಬೇರೆ ಪರೀಕ್ಷೆಗಳೂ ನಡೆದವು. ಮಂಚದ ಅಂಚಿನಲ್ಲಿ ಕೂರಿಸಿ, ಮೊಣಕಾಲಿನ ಚಿಪ್ಪಿನ ಕೆಳಗೆ ಕೈಯಂಚಿನಿಂದ ಮೆಲ್ಲಗೆ ಹೊಡೆದರು. ಕಾಲು ಎಗರಿತು. ಎದುರಿದ್ದ ನೀರಿನ ಚೊಂಬು ಗೋಡೆಗೆ ಬಡಿಯಿತು.

"ಗಂಡನ ಮೇಲೆ ಸಿಟ್ಟಿದ್ರೆ ಬಾಯಲ್ಲಿ ಹೇಳು," ಎಂದರು.

"ನಾನೆಲ್ಲಿ ಒದ್ದೆ?"

"ನೀನಲ್ಲ. ನಿನ್ನ ಬೆನ್ನು. ನಿನ್ನ ತಲೆಗೆ ಸುದ್ದಿ ಹೋಗೋ ಹೊತ್ತಿಗೆ ಚೊಂಬು ಹೋಗಿತ್ತು."

ಬಿಸಿ ಬಾಣಲೆಯೂ ಹಾಗೇ ಎಂದರು. ಕೈ ಮೊದಲು ಹಿಂದಕ್ಕೆ ಬರುತ್ತದೆ, ಅಯ್ಯೋ ಎನ್ನುವುದು ಆಮೇಲೆ. ಹಾಗಾದರೆ ತಲೆ ಯಾತಕ್ಕೆ ಬೇಕು ಎಂದು ಕೇಳಿದೆ.

"ಬಿಸಿ ಹಾಲಿನ ಪಾತ್ರೆ ಇಳಿಸುವಾಗ ಕೈ ಸುಟ್ರೂ ಬಿಡಲ್ಲ ನೀನು. ಕೆಳಗಿಡೋ ತನಕ ಹಿಡಿದಿರ್ತೀಯ. ಅದು ತಲೆ. ತಡಿ ಅನ್ನೋದು ಅದರ ಕೆಲಸ."

ನಮ್ಮಪ್ಪ ಮರ ಕೊಯ್ಯುವವನು. ದೊಡ್ಡ ಗರಗಸಕ್ಕೆ ಇಬ್ಬರು. ಒಬ್ಬ ಎಳೆದಾಗ ಇನ್ನೊಬ್ಬ ಸಡಿಲ ಬಿಡಬೇಕು. ಇಬ್ಬರೂ ಎಳೆದರೆ ಅಲಗು ಸಿಕ್ಕಿಕೊಳ್ಳುತ್ತದೆ. ತೊಡೆಯ ಮುಂದಿನ ಸ್ನಾಯು, ಹಿಂದಿನ ಸ್ನಾಯು ಕೂಡ ಹಾಗೇ ಇರಬೇಕಲ್ಲ ಎಂದು ನಾನು ಹೇಳಿದ್ದನ್ನು ಇವರು ಮೇಡಂವರೆಗೆ ಒಯ್ದರು. ಹೌದು, ಒಂದು ಬಿಗಿದಾಗ ಎದುರಿನದ್ದಕ್ಕೆ ಸುಮ್ಮನಿರು ಎಂದು ಹೇಳುವ ನರಗಳು ಬೆನ್ನಿನಲ್ಲಿವೆ, ಪೆಟ್ಟಾದ ಮೇಲೆ ಆ ಮಾತು ಕೆಟ್ಟು ಎರಡೂ ಒಟ್ಟಿಗೆ ಎಳೆಯುತ್ತವೆ, ಕಾಲು ಕಟ್ಟಿಗೆಯಾಗುತ್ತದೆ ಎಂದರಂತೆ. ಇವರು ಅದನ್ನು ಬಂದು ಹೇಳುವಾಗ, ಸ್ಕೂಲಿನಲ್ಲಿ ನನಗೇ ಬಹುಮಾನ ಬಂದ ಹಾಗೆ ಹೇಳಿದರು.

ಇನ್ನು ಆ ವಾರ್ಡಿಗೆ ಬಂದ ಬಸ್ ಕಂಡಕ್ಟರ ವಿಷಯ.

ಬಸ್ಸಿನ ಮೇಲೆ ಸಾಮಾನು ಕಟ್ಟುತ್ತಿದ್ದವರು ಕಾಲು ಜಾರಿ ಬೆನ್ನಡಿಯಾಗಿ ಬಿದ್ದಿದ್ದರು. ಬೆನ್ನುಹುರಿ ಪೂರ್ತಿ ಹರಿದಿರಲಿಲ್ಲ. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಇದ್ದವಳು ಒಬ್ಬ ಮಗಳು. ಗಂಟಲು ಮಾತ್ರ ಬಸ್ಸು ಬಿಟ್ಟು ಬಂದಿರಲಿಲ್ಲ. ಬೆಲ್ಟಿಗೆ ಕಟ್ಟಿದ ಕೂಡಲೇ "ರೈಟ್!" ಎಂದು ಕೂಗಿದರೆ ಆಚೆ ವಾರ್ಡಿನವರು ಎದ್ದು ಕೂರುತ್ತಿದ್ದರಂತೆ.

"ರೈಟ್ ಅಂದ್ರೆ ಎಡಗಾಲೂ ಹೊರಡ್ಬೇಕು ಸ್ವಾಮಿ," ಎಂದು ಇವರು.

"ಅದು ಡಿಪೋದಲ್ಲಿ ಮಲ್ಗಿದೆ ಕಾಲಣ್ಣ. ಎಬ್ಬಿಸು." ಮತ್ತೆ ಕಂಡಕ್ಟರೇ ಎನ್ನುತ್ತಿದ್ದರು, "ಕಾಲಿಗೆ ಬುದ್ಧಿ ಹೇಳೋದು ಅಂದ್ರೆ ಓಡಿ ಹೋಗೋದು ಅಂತ ತಿಳ್ಕೊಂಡಿದ್ದೆ. ನೀವು ನಿಜವಾಗ್ಲೂ ಕೂತ್ಕೊಂಡು ಹೇಳ್ತೀರಲ್ಲಪ್ಪ!"

ಕೋಳಿಯ ಕತೆ ಕೇಳಿ ಮುಖ ಊದಿಸಿಕೊಂಡರು. "ಇಷ್ಟು ವರ್ಷ ಸರ್ವಿಸ್ ಮಾಡಿ ಕೊನೆಗೆ ಕೋಳಿ ಆದ್ನಾ?" ಎಂದವರು, ಸ್ವಲ್ಪ ಹೊತ್ತಿನ ಮೇಲೆ, "ಆ ಕೋಳಿ ಬಾಗಿಲ ತನಕ ಹೋಯ್ತಾ? ನಂಗೂ ಅಷ್ಟೇ ದೂರ ಸಾಕು," ಎಂದರಂತೆ.

ಯಾಕೆಂದರೆ ಅವರಿಗೆ ಬೇಕಾದದ್ದು ಒಂದೇ. ಮಗಳು ಅವರನ್ನು ಹೊತ್ತು ಬಚ್ಚಲಿಗೆ ಒಯ್ಯುತ್ತಿದ್ದಳು. ಅವಳ ಮುಂದೆ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ಬಸ್ಸು ಹತ್ತೋದು ಬೇಡ, ಏನೂ ಬೇಡ ಕಾಲಣ್ಣ. ಬಚ್ಚಲಿಗೆ ನಾನೇ ಹೋಗಿ, ಒಳಗಿಂದ ಚಿಲಕ ಹಾಕ್ಕೋಬೇಕು. ಮಗಳು ಹೊರಗೆ ನಿಂತಿರ್ಬೇಕು."

ಬಲಗಾಲು ಬೇಗ ಎಚ್ಚೆತ್ತಿತು. ಎಡಗಾಲು ಮಲಗಿಯೇ ಇತ್ತು. ಎಡಗಾಲು ಇವರ ಪಾಲಿನದು. ದೊಡ್ಡ ಡಾಕ್ಟರು ಬಂದು ನೋಡಿದರು. ತಿಂಗಳ ಕೊನೆಯೊಳಗೆ ಎಡಗಾಲು ತಾನಾಗಿ ಹೆಜ್ಜೆ ತೆಗೆಯುವ ಗುರುತು ಕಂಡರೆ ಇಟ್ಟುಕೊಂಡು ಮುಂದುವರಿಸೋಣ, ಇಲ್ಲದಿದ್ದರೆ ಗಾಲಿಕುರ್ಚಿ ಕೊಟ್ಟು ಮನೆಗೆ ಕಳಿಸೋಣ, ಈ ಯಂತ್ರಕ್ಕೆ ಕಾದವರು ಬಹಳ ಎಂದರು. ಅವರ ಮಾತು ನ್ಯಾಯವೇ.

ಒಂದು ಸಂಜೆ ಇವರು ಬಂದವರು ಕೈ ಕಾಲು ತೊಳೆಯದೆ ನನ್ನ ಹತ್ತಿರ ನಿಂತರು.

"ಇವತ್ತು ಕೈಗೆ ಏನೋ ಹತ್ತಿತು ಕಣೇ."

"ಏನು?"

"ಕಂಡಕ್ಟರ ಕಾಲು. ಹಿಂದೆ ಹೋಗಿ ನಿಂತಾಗ ಮೀನಖಂಡ ಮಿಸುಕಿತು. ನಾನು ತಂದಿದ್ದಲ್ಲ."

"ಮೇಡಂಗೆ ಹೇಳಿದ್ರಾ?"

"ಇನ್ನೊಂದ್ಸಲ ಬರ್ಲಿ. ಹಿಂದೆ ಒಬ್ಬರ ಕಾಲು ಜಿಗಿದಾಗ ಬಾಯಿ ಬಿಟ್ಟು ಕೆಟ್ಟೆ. ಅದು ಬರೀ ಸೆಟೆತ ಆಗಿತ್ತು, ತಡಿ ಅನ್ನೋಕೆ ತಲೆ ಇಲ್ದೆ ಬೆನ್ನು ತನ್ನಷ್ಟಕ್ಕೆ ಕುಣಿದಿದ್ದು. ಅವರ ಮನೆಯೋರು ಸಿಹಿ ಹಂಚಿಬಿಟ್ರು. ಆಮೇಲೆ ಆ ತಾಯಿ ಮುಖ ನೋಡೋಕಾಗ್ಲಿಲ್ಲ. ನಾಳೆ ಮತ್ತೆ ಬಂದ್ರೆ ಹೇಳ್ತೀನಿ."

ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಹೊಸ್ತಿಲ ಮೇಲೆ ಕೂತರು. ಎದೆ ಹಿಡಿದುಕೊಂಡರು. ಒಂದು ಚಪ್ಪಲಿ ಹಾಕಿತ್ತು, ಒಂದು ಹಾಕಿರಲಿಲ್ಲ.

ಇದರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ.

ಜನ ಬಂದರು, ಹೋದರು. ನಾದಿನಿ ನನ್ನ ಜೊತೆ ಉಳಿದಳು. ಸಂಜೆ ಒಲೆಯ ಮುಂದೆ ನಿಂತರೆ ನನ್ನ ಎಡಗಾಲು ತಾನಾಗಿ ಹಿಂದಕ್ಕೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಇವರು ಸತ್ತ ಸುದ್ದಿ ನನ್ನ ತಲೆಗೆ ಮುಟ್ಟಿತ್ತು. ಕಾಲಿಗೆ ಮುಟ್ಟಿರಲಿಲ್ಲ.

ಹಾಗೆ ನಿಂತಿದ್ದಾಗಲೇ ಒಂದು ಸಂಜೆ ಕಂಡಕ್ಟರ ನೆನಪಾಯಿತು. ಆ ಮೀನಖಂಡ ಮಿಸುಕಿದ್ದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ಹೋದರು. ತಿಂಗಳು ಮುಗಿಯುತ್ತ ಬಂದಿತ್ತು. ಸುದ್ದಿ ಹೊರಟಿತ್ತು, ನನ್ನ ಹತ್ತಿರ ಬಂದು ನಿಂತುಬಿಟ್ಟಿತ್ತು.

ಬೆಳಿಗ್ಗೆ ಸೀರೆ ಬದಲಿಸಿದೆ.

"ಇಷ್ಟು ಬೇಗ ಹೊರಗೆ ಹೊರಟ್ರೆ ಜನ ಏನಂತಾರೆ ಅತ್ತಿಗೆ?" ಎಂದಳು ನಾದಿನಿ.

"ನಿನ್ನ ದಯೆಯಿಂದ ಜನ ಅನ್ನೋದೆಲ್ಲ ಆಗ್ಲೇ ಅಂದು ಮುಗಿಸಿದಾರೆ."

ಅವಳಿಗೆ ನಗು ಬಂತು, ಅಳುವೂ ಬಂತು. ಚಪ್ಪಲಿ ಹಾಕಿಕೊಂಡು ನನ್ನ ಜೊತೆಗೇ ಹೊರಟಳು.

ಆ ಉದ್ದನೆಯ ಕೋಣೆಯನ್ನು ನಾನು ನೋಡಿದ್ದು ಅದೇ ಮೊದಲು. ಇವರು ಹೇಳಿ ಹೇಳಿ ಎಲ್ಲ ಗೊತ್ತಿತ್ತು. ಸೂರಿನ ಬೆಲ್ಟು, ಕಿಟಕಿಯ ಪಕ್ಕದ ಕಬ್ಬಿಣದ ಕಂಬಿಗಳು, ಇವರು ಕೂರುತ್ತಿದ್ದ ಕುಳ್ಳ ಸ್ಟೂಲು. ಸ್ಟೂಲಿನ ಮೇಲೆ ನಾನೇ ಹಳೆಯ ಲಂಗದಲ್ಲಿ ಹೊಲಿದುಕೊಟ್ಟ ದಿಂಬಿತ್ತು. ಅದರ ಮೇಲೆ ಸ್ಟ್ರೆಚರ್ ತಳ್ಳುವವನು ಕೂತಿದ್ದ. ಒಳ್ಳೆಯ ಮನುಷ್ಯ, ಬೆವರುತ್ತಿದ್ದ. ಬೆಲ್ಟಿನಲ್ಲಿ ಕಂಡಕ್ಟರು ತಲೆ ಬಗ್ಗಿಸಿ ನಿಂತಿದ್ದರು. ರೈಟ್ ಎನ್ನುತ್ತಿರಲಿಲ್ಲ.

ಅವನು ಕಾಲು ಎತ್ತುತ್ತಿದ್ದ. ಎತ್ತಿ ಮುಂದಿಡುತ್ತಿದ್ದ, ಮತ್ತೆ ಎತ್ತುತ್ತಿದ್ದ.

ನಾನು ಮೇಡಂಗೆ ನಾನು ಯಾರೆಂದು ಹೇಳಿದೆ. ಅವರು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. ಇವರ ಬಗ್ಗೆ ಏನೋ ಹೇಳಲು ಹೊರಟರು. ನಾನು ಅದಕ್ಕೆ ಬಂದಿರಲಿಲ್ಲ. ಎಡಗಾಲು ಮಿಸುಕಿದ ಸುದ್ದಿ ಹೇಳಿದೆ. ಇವರು ಹೇಳಿದ ಮಾತನ್ನೇ, ಹೇಳಿದ ಹಾಗೇ ಹೇಳಿದೆ.

ಕಂಡಕ್ಟರು ತಲೆ ಎತ್ತಿದರು. "ಕಾಲಣ್ಣ ಹಾಗಂದ್ನಾ? ನಂಗೆ ಹೇಳಲೇ ಇಲ್ವಲ್ಲ!"

"ಇನ್ನೊಂದ್ಸಲ ಬಂದ್ರೆ ಹೇಳ್ತೀನಿ ಅಂದಿದ್ರು."

ಮೇಡಂ ಬಗ್ಗಿ ಎಡಗಾಲನ್ನು ಮುಟ್ಟಿ ನೋಡಿದರು. "ಆಮೇಲೆ ನಂಗೆ ಕಂಡಿಲ್ಲ. ಈ ಸ್ಟ್ರೆಚರಿನವರಿಗೆ ಎಷ್ಟು ಹೇಳಿದ್ರೂ ಕೈ ಎತ್ತಿಬಿಡುತ್ತೆ. ಎರಡೂ ಕಡೆ ನಾನೊಬ್ಬಳೇ ಕೂರೋಕಾಗಲ್ಲ."

"ನನ್ನ ಕಾಲನ್ನ ಅವರು ದಿನಾ ಹಿಡೀತಿದ್ರು," ಎಂದೆ. "ಹಿಡಿದು ಗೊತ್ತಿಲ್ಲ. ಹಿಡಿಸಿಕೊಂಡು ಗೊತ್ತು."

ಮೇಡಂ ನನ್ನನ್ನು ನೋಡಿದರು. ಆಮೇಲೆ ಕಂಡಕ್ಟರನ್ನು ಕೇಳಿದರು, ಆಗಬಹುದಾ ಎಂದು.

"ಅತ್ತಿಗೆ ಹಿಡಿಯೋದಾ? ನಾನು ಬೇಡ ಅನ್ನೋಕೆ ಆ ಕಾಲು ನನ್ನ ಮಾತು ಎಲ್ಲಿ ಕೇಳುತ್ತೆ?"

ದಿಂಬಿನ ಮೇಲೆ ಕೂತೆ. ಕಾಲು ತಣ್ಣಗಿತ್ತು, ನೆನೆದ ಹಗ್ಗದಷ್ಟು ಭಾರ. ಪಟ್ಟಿ ಓಡಿತು. ನನ್ನ ಕೈ ಕೂಡ ಎತ್ತಿಬಿಟ್ಟಿತು. ನೋಡುತ್ತ ಸುಮ್ಮನಿರಲು ಆಗಲಿಲ್ಲ.

"ಅತ್ತಿಗೆ, ಕಾಲಿಗೆ ಅಯ್ಯೋ ಪಾಪ ಅನ್ಬೇಡಿ," ಎಂದರು ಕಂಡಕ್ಟರು. "ಕೊಬ್ಬುತ್ತೆ."

"ಕಾಯಿರಿ," ಎಂದರು ಮೇಡಂ. "ಹಿಂದಕ್ಕೆ ಹೋಗಲಿ. ಹಿಮ್ಮಡಿ ಏಳೋ ತನಕ ಕಾಯಿರಿ."

ನಾನು ಕಣ್ಣು ಮುಚ್ಚಿದೆ. ಒಲೆಯ ಮುಂದೆ ನಿಂತಿದ್ದೇನೆ ಅಂದುಕೊಂಡೆ. ಮೊಣಕಾಲಿನ ಕೆಳಗೆ ಅವರ ಅಂಗೈ ಎಲ್ಲಿರುತ್ತಿತ್ತೋ ಅಲ್ಲಿ ನನ್ನ ಅಂಗೈ ಇಟ್ಟೆ. ಬೆರಳುಗಳು ಹರಡಿನ ಸುತ್ತ, ಹೆಬ್ಬೆರಳು ಸಡಿಲ. ನನ್ನ ಕಾಲಿಗೆ ಗೊತ್ತಿದ್ದದ್ದನ್ನು ಕೈಗೆ ಹೇಳಿಕೊಟ್ಟೆ. ಎಷ್ಟು ಸಲ ತಪ್ಪಿತೋ ಲೆಕ್ಕ ಇಟ್ಟಿಲ್ಲ. ಮೇಡಂ ನಡುನಡುವೆ ನಿಲ್ಲಿಸಿ ತಿದ್ದಿದರು. ಸೊಂಟ ಹಿಡಿದುಕೊಂಡಿತು. ಬಾಗಿಲಲ್ಲಿ ನಿಂತ ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಕಾಲು ಹಿಂದಕ್ಕೆ ಹೋಯಿತು. ಹಿಮ್ಮಡಿ ಎದ್ದಿತು. ಕಾದೆ. ಇನ್ನು ಸಾಕು, ಎತ್ತು ಎಂದು ಮೈಯೆಲ್ಲ ಹೇಳುತ್ತಿತ್ತು. ತಡಿ ಎಂದೆ. ತಲೆಯ ಕೆಲಸ ಅದೇ ಅಲ್ಲವೇ.

ಆಗ ಕೈಯೊಳಗೆ ಮಿಸುಕಿತು. ನೀರೊಳಗೆ ಹಿಡಿದ ಮೀನು ಮೈ ಕೊಡವಿದ ಹಾಗೆ. ಅದಕ್ಕೆ ಮೀನಖಂಡ ಎಂದು ಯಾಕೆ ಹೆಸರಿಟ್ಟರೋ ಆವತ್ತು ತಿಳಿಯಿತು. ಮೊಣಕಾಲು ತುಸು ಮಡಚಿತು. ಪಾದ ಪಟ್ಟಿಗೆ ಉಜ್ಜಿಕೊಂಡು ಮುಂದಕ್ಕೆ ಬಂತು. ನಾನು ತಂದದ್ದಲ್ಲ.

"ಮೇಡಂ," ಎಂದೆ.

"ನೋಡಿದೆ. ಮಾತಾಡಬೇಡಿ. ಮತ್ತೆ ಕಾಯಿರಿ."

ಮತ್ತೆ ಬಂತು. ನಡುವೆ ಬಾರದೆಯೂ ಇತ್ತು. ಆಮೇಲೆ ಇನ್ನೊಂದು. ಸೆಟೆತ ಹೀಗೆ ಹೊತ್ತು ನೋಡಿಕೊಂಡು ಬರುವುದಿಲ್ಲ, ಇದು ಹೆಜ್ಜೆಯೇ ಎಂದು ಮೇಡಂ ಹೇಳಿದ ಮೇಲೆ ಕಂಡಕ್ಟರು ಬಾಯಿ ತೆರೆದರು. ರೈಟ್ ಎನ್ನಲು ಹೊರಟಿದ್ದರು. ಅಷ್ಟು ದೊಡ್ಡ ಗಂಟಲಿನಿಂದ ಗಾಳಿ ಮಾತ್ರ ಬಂತು.

ದೊಡ್ಡ ಡಾಕ್ಟರು ತಿಂಗಳ ಕೊನೆಗೆ ತಾವೇ ಬಗ್ಗಿ ಕೂತು ನೋಡಿದರು. ಮುಂದುವರಿಸಿ ಎಂದರು. ಎಡಗಡೆಯ ಸ್ಟೂಲು ಖಾಲಿ ಇದೆ, ಬರ್ತೀರಾ ಎಂದು ಮೇಡಂ ನನ್ನನ್ನು ಕೇಳಿದರು. ಬಂದೆ. ಈಗಲೂ ಹೋಗುತ್ತಿದ್ದೇನೆ. ಇವರ ಬಿಳಿ ಅಂಗಿಯನ್ನೇ ತೋಳು ಕುಗ್ಗಿಸಿ ಹೊಲಿದುಕೊಂಡೆ. ಎಲ್ಲರ ಕಾಲೂ ಏಳುವುದಿಲ್ಲ, ಅದನ್ನು ಮೇಡಂ ಯಾರಿಂದಲೂ ಮುಚ್ಚಿಡುವುದಿಲ್ಲ. ಏಳುವ ಕಾಲುಗಳೂ ಇವೆ. ನಾದಿನಿ ನೆಂಟರಿಗೆಲ್ಲ ಫೋನು ಮಾಡಿ, ಈಗ ಅತ್ತಿಗೆನೂ ಕಾಲು ಹಿಡಿಯೋ ಕೆಲಸಕ್ಕೆ ಸೇರಿದಾಳೆ ಎಂದು ಹೇಳಿದ್ದಾಳೆ. ಈ ಸಲ ಹೆಮ್ಮೆಯಿಂದ.

ಸಂಜೆ ಒಲೆಯ ಮುಂದೆ ನನ್ನ ಎಡಗಾಲು ಈಗಲೂ ಕೆಲವು ದಿನ ಹಿಂದಕ್ಕೆ ಹೋಗಿ ಕಾಯುತ್ತದೆ. ನಾನು ಅದಕ್ಕೆ ಏನೂ ಹೇಳುವುದಿಲ್ಲ. ಕಾದು ತಾನೇ ಮುಂದಕ್ಕೆ ಬರುತ್ತದೆ.

ಕಂಡಕ್ಟರು ಬೆಲ್ಟು ಬಿಟ್ಟು ಕಂಬಿಗೆ ಬಂದರು, ಕಂಬಿ ಬಿಟ್ಟು ನಾಲ್ಕು ಕಾಲಿನ ಊರುಗೋಲಿಗೆ ಬಂದರು. ಅದೆಲ್ಲ ಬಹಳ ನಿಧಾನ. ಒಂದು ಬೆಳಿಗ್ಗೆ ವಾರ್ಡಿನ ನಡುವಿನಿಂದ ಹೊರಟರು. ಮಗಳು ಒಂದು ಕಡೆ, ನಾನು ಒಂದು ಕಡೆ. ಮುಟ್ಟಬೇಡಿ ಎಂದು ಮೇಡಂ ಹಿಂದಿನಿಂದ ಹೇಳುತ್ತಿದ್ದರು. ಎಡಗಾಲು ನೆಲ ಎಳೆಯುತ್ತಿತ್ತು, ಬರುತ್ತಿತ್ತು. ಬಚ್ಚಲಿನ ಬಾಗಿಲು ಬಂತು. ಒಳಗೆ ಹೋದರು. ಮಗಳು ಅಭ್ಯಾಸಬಲದಿಂದ ಹಿಂದೆಯೇ ಕಾಲಿಟ್ಟಳು. ಬಾಗಿಲು ಅವಳ ಮುಖದ ಮುಂದೆ ಮುಚ್ಚಿಕೊಂಡಿತು. ಚಿಲಕ ಬಿದ್ದ ಸದ್ದಾಯಿತು.

"ಅಪ್ಪಾ?" ಎಂದಳು.

"ಒಳಗೆ ಜಾಗ ಇಲ್ಲ!" ಎಂದು ಒಳಗಿನಿಂದ ಕೂಗು ಬಂತು. ವಾರ್ಡಿಗೆ ವಾರ್ಡೇ ಕೇಳಿತು. "ಹಿಂದಿನ ಬಸ್ಸಿಗೆ ಬನ್ನಿ!"